ಗುಡುಗಿಗೆ ಹುಟ್ಟುವ ಅಣಬೆ

ಮರಳುಗಾಡಿನಲ್ಲಿ ಅಗೆದು ತಿನ್ನುವುದೆಂದರೆ ಬರಗಾಲದ ಹೊಟ್ಟೆಪಾಡು ಎಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಸಿರಿಯಾ, ಅರೇಬಿಯಾಗಳ ಒಣನೆಲದಡಿ ಬೆಳೆಯುವ ‘ಕಮಾ’ ಅಣಬೆಯ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಯೂಫ್ರೆಟಿಸ್ ದಂಡೆಯ ಮಾರಿ ಎಂಬ ಪ್ರಾಚೀನ ನಗರದ ಅರಮನೆಯಲ್ಲಿ ಸಿಕ್ಕ, ಕ್ರಿ.ಪೂ. 18ನೇ ಶತಮಾನದ ಮಣ್ಣಿನ ಹಲಗೆಗಳಲ್ಲಿ ಈ ಅಣಬೆಯನ್ನು ದೊರೆಗೆ ಕಳುಹಿಸಿದ ಪ್ರಸ್ತಾಪವಿದೆ. ಬಂದದ್ದು ಚೆನ್ನಾಗಿಲ್ಲವೆಂದು ದೊರೆ ಗೊಣಗಿದ್ದೂ ಇದೆ. ಹಸಿದವರು ಇಂಥ ತಕರಾರು ತೆಗೆಯುವುದಿಲ್ಲ. ಅರಮನೆಯ ಕಡತ ಅರಮನೆಯ ನಾಲಿಗೆಯನ್ನಷ್ಟೇ ಹೇಳುತ್ತದೆ ಎನ್ನಬಹುದು, ನಿಜ. ಆದರೆ ಹುಡುಕಿ ತೆಗೆಯುವ ವಿದ್ಯೆ ದೊರೆಗಳದಲ್ಲ, ಆ ನೆಲದ ಜನರದು.

ಆ ವಿದ್ಯೆಯ ಸುಳಿವು ಒಂದು ನಂಬಿಕೆಯಲ್ಲಿದೆ. ಗುಡುಗಿದರೆ ಈ ಬಗೆಯ ಅಣಬೆ ಹುಟ್ಟುತ್ತದೆ ಎಂಬ ಮಾತನ್ನು ಗ್ರೀಕರ ಥಿಯೊಫ್ರಾಸ್ಟಸ್, ರೋಮಿನ ಪ್ಲಿನಿ ಇಬ್ಬರೂ ದಾಖಲಿಸಿದ್ದಾರೆ. ಬರೀ ಮೌಢ್ಯವೆಂದು ನಗುವವರು ಗಮನಿಸಬೇಕು: ಚಳಿಗಾಲಕ್ಕೆ ಮುಂಚಿನ ಗುಡುಗುಮಳೆ ಚೆನ್ನಾಗಿ ಬಿದ್ದ ವರ್ಷ ಮಾತ್ರ ಫಸಲು ಹುಲುಸು. ಗುಡುಗನ್ನು ಕಾರಣವೆಂದದ್ದು ತಪ್ಪು, ಗುರುತಾಗಿ ಹಿಡಿದದ್ದು ಸರಿ. ಹೀಲಿಯಾಂಥೆಮಮ್ ಎಂಬ ಕುರುಚಲು ಗಿಡಗಳ ಬೇರಿನೊಂದಿಗೆ ಇದರ ಬಾಳುವೆ. ಮರಳುಗಾಡಿನ ಅಲೆಮಾರಿಗಳಾದ ಬೆದೂಯಿನರು ಆ ಗಿಡಗಳ ಸುತ್ತ ನೆಲ ಉಬ್ಬಿ ಬಿರಿದ ಕಡೆ ಅಗೆಯುತ್ತಾರೆ. ತಾಜಾ ಅಣಬೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಆ ನೀರು ಕಣ್ಣಿಗೆ ಮದ್ದು ಎಂಬ ಮಾತು ಹದೀಸ್‌ನಲ್ಲೂ ಬರುತ್ತದೆ. ಕುವೈತ್‌ನ ಮಾರುಕಟ್ಟೆಯಲ್ಲಿ ಇದು ಇಂದಿಗೂ ದುಬಾರಿ ಸರಕು.