ಕೆಂಪು ಪ್ರೈಮರಿನ ಚರಿತ್ರೆ: ಅದಿರಿನಿಂದ ಜೀಪಿನ ಚಾಸಿಯವರೆಗೆ

ಹಳೆಯ ವಾಹನಗಳ ಅಡಿಭಾಗದಲ್ಲಿ ಕಾಣುವ ಕೆಂಪು ಪ್ರೈಮರಿಗೆ ಆ ಬಣ್ಣ ಬಂದಿರುವುದು ಫೆರಿಕ್ ಆಕ್ಸೈಡಿನಿಂದ. ಕೆಮ್ಮಣ್ಣುಗುಂಡಿಯ ನೆಲವನ್ನು ಕೆಂಪಾಗಿಸಿರುವುದೂ ಅದೇ, ಅಲ್ಲಿನ ಹೆಮಟೈಟ್ ಅದಿರಿನಲ್ಲಿರುವುದೂ ಅದೇ. ತುಕ್ಕು ಕೂಡ ಹೆಚ್ಚುಕಡಿಮೆ ಇದೇ ವಸ್ತು. ಅದರಲ್ಲಿ ನೀರಿನಂಶ ಸೇರಿಕೊಂಡಿರುತ್ತದೆ. ಕಬ್ಬಿಣ ಒಮ್ಮೆ ಈ ರೂಪಕ್ಕೆ ಬಂದರೆ ಗಾಳಿ ನೀರಿಗೆ ಮತ್ತೆ ಬದಲಾಗುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ, ಸುಣ್ಣಕ್ಕೆ ಕೆಡುವುದಿಲ್ಲ. ಮನೆಯ ಗೋಡೆಗೆ ಕೆಮ್ಮಣ್ಣು ಸಾರಿಸಿದವರಿಗೂ ಲೋಹಕ್ಕೆ ಬಣ್ಣ ತಯಾರಿಸಿದ ಕಾರ್ಖಾನೆಗಳಿಗೂ ಬೇಕಾಗಿದ್ದದ್ದು ಈ ಗುಣವೇ.

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಬಾಬಾಬುಡನ್ ಶ್ರೇಣಿಯಲ್ಲಿ 1,434 ಮೀಟರ್ ಎತ್ತರದಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ಬಿಡಾರವೆಂದು ಹೆಸರಾದ ಈ ಗಿರಿಧಾಮ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಒದಗಿಸಿದ ಗಣಿಯೂ ಹೌದು. ಬೆಟ್ಟದ ಮೇಲೆ ಅಗೆದ ಅದಿರು ರೋಪ್‌ವೇಯಲ್ಲಿ ತೂಗುತ್ತ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಭದ್ರಾವತಿ ಸೇರುತ್ತಿತ್ತು. 1923ರಲ್ಲಿ ಉರಿಯತೊಡಗಿದ ಅಲ್ಲಿನ ಊದುಕುಲುಮೆಗೆ ಉರುವಲು ಮಲೆನಾಡಿನ ಕಾಡಿನ ಇದ್ದಿಲು. ಕಟ್ಟಿಗೆಯನ್ನು ಬಟ್ಟಿ ಇಳಿಸಿ ಇದ್ದಿಲು ಮಾಡುವಾಗ ಮರದ ಡಾಂಬರು, ಮೆಥೈಲ್ ಆಲ್ಕೋಹಾಲ್, ಅಸಿಟೇಟುಗಳೂ ದೊರೆಯುತ್ತಿದ್ದವು. ಆಮ್ಲಜನಕವನ್ನು ಕಳೆದು ಕಬ್ಬಿಣ ಪಡೆಯಲು ಇಷ್ಟೆಲ್ಲ ಬೇಕಾಗಿತ್ತು. ಪಡೆದ ಕಬ್ಬಿಣ ಮಲೆನಾಡಿನ ಒಂದೆರಡು ಮಳೆಗಾಲದಲ್ಲೇ ಮತ್ತೆ ಕೆಂಪಾಗತೊಡಗುತ್ತದೆ. ಬಣ್ಣದ ಕೆಲಸ ಅದನ್ನು ತಡೆಯುವುದು.

ಮೋಟಾರು ವಾಹನಗಳ ಮೊದಲ ದಶಕಗಳಲ್ಲಿ ಚಾಸಿಗೆ ಬಳಸುತ್ತಿದ್ದದ್ದು ಹೆಚ್ಚಾಗಿ ಆಸ್ಫಾಲ್ಟ್ ಬೆರೆಸಿ ಒಲೆಯಲ್ಲಿ ಕಾಯಿಸಿ ಕೂರಿಸುವ ಕಪ್ಪು ಎನಾಮಲ್. ಸೇತುವೆ, ಹಡಗುಗಳಿಗೆ ಅಗಸೆ ಎಣ್ಣೆಯಲ್ಲಿ ಅರೆದ ಸೀಸದ ಕೆಂಪು, ಅಂದರೆ ರೆಡ್ ಲೆಡ್, ಬಳಿಯುತ್ತಿದ್ದರು. ಸೀಸ ಎಣ್ಣೆಯೊಡನೆ ಕೂಡಿ ಸಾಬೂನಿನಂಥ ಲವಣಗಳಾಗಿ ತುಕ್ಕಿನ ವೇಗವನ್ನೇ ತಗ್ಗಿಸುತ್ತದೆ. ಆದರೆ ಅದು ವಿಷ, ಒಣಗಲು ದಿನಗಟ್ಟಲೆ ಬೇಕು. ರೆಡ್ ಆಕ್ಸೈಡ್ ಹಾಗಲ್ಲ. ಅದು ತುಕ್ಕಿನೊಡನೆ ಹೋರಾಡುವುದಿಲ್ಲ, ನೀರಿಗೂ ಲೋಹಕ್ಕೂ ನಡುವೆ ಗಟ್ಟಿ ಪದರವಾಗಿ ನಿಲ್ಲುತ್ತದೆ. ಈ ಕೊರತೆ ತುಂಬಲು ಮುಂದೆ ಅದಕ್ಕೆ ಜಿಂಕ್ ಕ್ರೋಮೇಟ್ ಬೆರೆಸಿದರು. 1920ರ ದಶಕದಲ್ಲಿ ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣಗಳೂ ಆಲ್ಕಿಡ್ ರಾಳಗಳೂ ಬಂದವು. 1960ರ ದಶಕದಲ್ಲಿ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಪ್ರೈಮರ್ ಕೂರಿಸುವ ಕ್ರಮ ಅಮೆರಿಕದಲ್ಲಿ ಶುರುವಾಯಿತು. 

ಕರ್ನಾಟಕದಲ್ಲಿ ಬಣ್ಣದ ಉದ್ಯಮಕ್ಕೂ ಅರಸರ ಕಾಲದ ಬೇರಿದೆ. ಕಾಡಿನ ಅರಗನ್ನು ಬಳಸಿಕೊಳ್ಳಲು 1937ರಲ್ಲಿ ಮೈಸೂರಿನಲ್ಲಿ ಆರಂಭವಾದ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಶಾಯಿ ಹಚ್ಚಿದ ಸಂಸ್ಥೆಯೆಂದೇ ಜನ ಅದನ್ನು ಬಲ್ಲರು. ಮೂಲದಲ್ಲಿ ಅದು ಅರಗು, ಬಣ್ಣ, ವಾರ್ನಿಷ್‌ಗಳ ಕಾರ್ಖಾನೆ ಎಂಬುದನ್ನೂ ನೆನಪಿಡಬೇಕು.

ಬಾಬಾಬುಡನ್ ತಪ್ಪಲಿನ ಕಾಫಿ ತೋಟಗಳ ಹಳೆಯ ಜೀಪುಗಳಿಗೆ ಮಣ್ಣಿನದೇ ದೊಡ್ಡ ಕಾಟ. ಚಾಸಿಯ ಮೂಲೆಗಳಲ್ಲಿ, ಕಮಾನು ಪಟ್ಟಿಗಳ ಸಂದಿಯಲ್ಲಿ ಕುಳಿತ ಕೆಸರು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಮಳೆಗಾಲಕ್ಕೆ ಮುಂಚೆ ಅಡಿಗೆಲ್ಲ ಹಳೇ ಆಯಿಲ್ ಹೊಡೆಸುವ ರೂಢಿ ಬಂದಿರುವುದು ಇದರಿಂದಲೇ. ಇಂಥ ಜೀಪನ್ನು ಮೂಲ ರೂಪಕ್ಕೆ ತರುವಾಗ ಮೊದಲ ಬಣ್ಣದ ಸುಳಿವು ಸಿಗುವುದು ಮಳೆ, ಆಯಿಲ್ ಎರಡೂ ತಲುಪದ ಜಾಗದಲ್ಲಿ: ಬಾಡಿ ಚಾಸಿಯ ಮೇಲೆ ಕೂರುವ ರಬ್ಬರಿನ ಅಡಿ, ಬ್ರೇಕ್ ಪೈಪಿನ ಕ್ಲಿಪ್ಪಿನ ಹಿಂದೆ, ತಯಾರಕರ ಪ್ಲೇಟಿನ ಕೆಳಗೆ. ಅಲ್ಲಿ ನಾಣ್ಯದಷ್ಟಗಲ ಜಾಗವನ್ನು ನಯವಾದ ವಾಟರ್ ಪೇಪರಿನಲ್ಲಿ ನೀರು ಹಾಕಿ ನಿಧಾನವಾಗಿ ಉಜ್ಜಿದರೆ ಪದರಗಳು ಉಂಗುರ ಉಂಗುರವಾಗಿ ತೆರೆದುಕೊಳ್ಳುತ್ತವೆ. ಲೋಹಕ್ಕೆ ಅಂಟಿದ ಒಳಗಿನ ಉಂಗುರ ಕಿತ್ತಳೆ ಬೆರೆತ ಕೆಂಪಾದರೆ ಸೀಸವಿರಬಹುದೆಂದು ಎಚ್ಚರ ಬೇಕು, ಒಣಗಿಸಿ ಉಜ್ಜಿ ಧೂಳೆಬ್ಬಿಸಬಾರದು; ಕಂದು ಬೆರೆತ ಮಂದ ಕೆಂಪಾದರೆ ಅದು ರೆಡ್ ಆಕ್ಸೈಡ್.

ಬಣ್ಣ ಒಂದೇ ಆದರೂ ರಾಳ ಬೇರೆಯಾದರೆ ಕೆಲಸ ಕೆಡುತ್ತದೆ. ಆಲ್ಕಿಡ್ ಪ್ರೈಮರಿನ ಮೇಲೆ ಸೆಲ್ಯುಲೋಸ್ ಬಣ್ಣ ಹೊಡೆದರೆ ಅದರ ಥಿನ್ನರಿಗೆ ಕೆಳಗಿನ ಪದರ ಸುಕ್ಕುಗಟ್ಟಿ ಏಳುತ್ತದೆ. ದಪ್ಪ ಡಾಂಬರಿನ ಲೇಪ ಬಿರುಕುಬಿಟ್ಟ ಮೇಲೆ ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ತರೀಕೆರೆಯಂಥ ಕಡೆ ಅದು ರಕ್ಷಣೆಗಿಂತ ಹಾನಿಯನ್ನೇ ಹೆಚ್ಚು ಮಾಡುತ್ತದೆ. ಉಜ್ಜಿದಾಗ ರೆಡ್ ಆಕ್ಸೈಡ್ ಸಿಕ್ಕಿದ ತೋಟದ ಜೀಪಿಗೆ ಆಲ್ಕಿಡ್ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಮೂಲದಲ್ಲಿ ಕಂಡ ಬಣ್ಣವನ್ನೇ ಅಷ್ಟೇ ಹೊಳಪಿನಲ್ಲಿ, ಚಾಸಿಯ ಟೊಳ್ಳಿನೊಳಗೆ ಕಣ್ಣಿಗೆ ಬೀಳದ ಮೇಣದ ಲೇಪ ಕೊಟ್ಟರೆ ಕಾಲಕ್ಕೂ ಮಳೆಗೂ ಸಲ್ಲುತ್ತದೆ. ಎಲ್ಲವನ್ನೂ ಕೆರೆದು ತೆಗೆಯುವ ಮೊದಲು ಹಳೆಯ ಪದರಗಳ ಫೋಟೊ ತೆಗೆದಿಡಬೇಕು, ಸಾಧ್ಯವಾದರೆ ಕಾಣದ ಮೂಲೆಯಲ್ಲಿ ಅಂಗೈಯಗಲ ಮೂಲ ಬಣ್ಣವನ್ನು ಹಾಗೆಯೇ ಉಳಿಸಬೇಕು.