ಸಿಂಕಿನಡಿಯ ಚರಿತ್ರೆ

ಅಡುಗೆಮನೆಯ ಸಿಂಕಿನಲ್ಲಿ ನೀರು ನಿಂತರೆ ನಾವು ಕೊಳವೆಯನ್ನು ಶಪಿಸುತ್ತೇವೆ. ಚರಂಡಿ ಕಟ್ಟಿಕೊಳ್ಳುವುದು ಸಹಜವೆಂದು ಸುಮಾರು 4,500 ವರ್ಷಗಳ ಹಿಂದೆಯೇ ಮೊಹೆಂಜೊದಾರೊವಿನ ಜನ ಅರಿತಿದ್ದರು. ಅವರು ಕಸ ತಂಗಲು ಗುಂಡಿಗಳನ್ನಿಟ್ಟರು. ಬೀದಿಯ ಚರಂಡಿಗೆ ತೆಗೆಯಬಹುದಾದ ಇಟ್ಟಿಗೆ, ಕಲ್ಲುಗಳನ್ನು ಹೊದಿಸಿದರು.

1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಶೌಚಾಲಯದ ಬಾಗಿದ ಕೊಳವೆಗೆ ಪೇಟೆಂಟ್ ಪಡೆದರು. ಬಾಗಿನಲ್ಲಿ ನಿಲ್ಲುವ ನೀರು ದುರ್ವಾಸನೆಯನ್ನು ತಡೆಯುತ್ತದೆ. ನಮ್ಮ ಸಿಂಕಿನಡಿಯ ಬಾಗಿನದ್ದೂ ಅದೇ ಕೆಲಸ. ಜಿಡ್ಡು, ಅನ್ನದಗುಳು ತಂಗುವುದೂ ಅಲ್ಲಿಯೇ. ಕೆಳಗೆ ಬಕೆಟ್ ಇಟ್ಟು, ಆ ಭಾಗವನ್ನು ಬಿಚ್ಚಿ ತೊಳೆದರೆ ಹೆಚ್ಚಿನ ಸಲ ನೀರು ಸರಾಗವಾಗಿ ಹರಿಯುತ್ತದೆ.

ಬಿಸಿ ಎಣ್ಣೆಯನ್ನು ಸುರಿದುಬಿಟ್ಟರೆ ಮುಗಿಯಿತೆನ್ನುವಂತಿಲ್ಲ. ಅದು ಮುಂದೆಲ್ಲೋ ತಣಿದು ಅಂಟಿಕೊಳ್ಳುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯಡಿ ಸುಮಾರು 250 ಮೀಟರ್ ಉದ್ದದ, 130 ಟನ್ ತೂಕದ ಕೊಬ್ಬಿನ ಗಡ್ಡೆ ಸಿಕ್ಕಿತು. ಅದನ್ನು ಒಡೆದು ತೆಗೆಯಲು ಕಾರ್ಮಿಕರಿಗೆ ವಾರಗಳೇ ಹಿಡಿದವು.

ನಮ್ಮ ದೇಶದಲ್ಲಿ ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ ಶುಚಿಗೊಳಿಸಲು ಜನರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಆ ಬಳಿಕವೂ ಮ್ಯಾನ್‌ಹೋಲ್‌ಗಳಲ್ಲಿ ಉಸಿರುಗಟ್ಟಿ ಸತ್ತವರಿದ್ದಾರೆ. ಆದುದರಿಂದ ಬಾಣಲೆಯ ಜಿಡ್ಡನ್ನು ಹಳೆಯ ಕಾಗದದಿಂದ ಒರೆಸಿ ತೊಳೆಯೋಣ. ನಾವು ಇಲ್ಲಿ ತಡೆದಷ್ಟು ಕಸವನ್ನು ಅಲ್ಲಿ ಮತ್ತೊಬ್ಬರು ಎತ್ತಬೇಕಾಗಿಲ್ಲ.