ವಿಮಾನದ ಕಥೆಗಳು: ನಗೆ ಎಷ್ಟು, ನಿಜ ಎಷ್ಟು?

ಬೆಳಗಾವಿಯ ಶಿವಬಸವ ನಗರದಲ್ಲಿ ಮಾಳಿಗೆಯ ಮೇಲೆ ನಿಂತರೆ ಸಾಂಬ್ರಾ ಕಡೆಯ ವಿಮಾನದ ಸದ್ದು ಒಮ್ಮೊಮ್ಮೆ ನಿಮ್ಮ ಕಿವಿಗೂ ಬಿದ್ದೀತು. ಆ ನಿಲ್ದಾಣ 1942ರ ಯುದ್ಧಕಾಲದ್ದು. ಇಂದೂ ಅಲ್ಲಿ ನಮ್ಮ ವಾಯುಸೇನೆಯ ತರಬೇತಿ ಕೇಂದ್ರವಿದೆ. ಸಿಪಾಯಿಗಳಿರುವಲ್ಲಿ ಕಥೆಗಳಿಗೆ ಬರವಿಲ್ಲ. ವಿಮಾನದವರ ಕಥೆಗಳಿಗಂತೂ ಹುಟ್ಟುವಾಗಲೇ ರೆಕ್ಕೆ! ಅವುಗಳಲ್ಲಿ ನಗೆ ಯಾವುದು, ಸುಳ್ಳು ಯಾವುದು, ನಿಜ ಯಾವುದು ಎಂದು ತೂಗಿ ನೋಡೋಣ.

ಮೊದಲು ನಗೆಯ ಮಾತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಸೇನೆ ‘ಟೀ ಎಮ್’ ಎಂಬ ತರಬೇತಿ ಪತ್ರಿಕೆಯನ್ನು ಹೊರಡಿಸುತ್ತಿತ್ತು. ಅದರ ನಾಯಕ ಪೈಲಟ್ ಆಫೀಸರ್ ಪ್ರೂನ್. ಆತ ಮಾಡದ ತಪ್ಪಿಲ್ಲ, ಕೆಡವದ ವಿಮಾನವಿಲ್ಲ. ನಮ್ಮ ವಿಮಾನಗಳನ್ನು ಇಷ್ಟೊಂದು ಹಾಳುಮಾಡಿದವನಿಗೆ ಜರ್ಮನರೇ ಪದಕ ಕೊಟ್ಟರೆಂದು ಹಾಸ್ಯಪ್ರಿಯರು ಹೇಳುತ್ತಿದ್ದರು. ಆದರೆ ಪ್ರೂನ್ ಎಂಬವನು ಇರಲೇ ಇಲ್ಲ. ಬಿಲ್ ಹೂಪರ್ ಬರೆದ ವ್ಯಂಗ್ಯಚಿತ್ರಗಳಲ್ಲಷ್ಟೆ ಅವನ ಬಾಳು. ಓದಿದ ಚಾಲಕ ನಕ್ಕ, ಆ ತಪ್ಪನ್ನು ತಾನು ಮಾಡದಿರಲು ಕಲಿತ. ಇದು ನಿರಪಾಯದ ಹಾಸ್ಯ. ಕಟ್ಟಿದ ಕಥೆಯೆಂಬುದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು.

ಇನ್ನೊಂದು ಬಗೆ ಅಪಾಯದ್ದು. 1940ರಲ್ಲಿ ಜರ್ಮನಿ ‘ಹೈಂಕೆಲ್ 113’ ಎಂಬ ಹೊಸ ಕಾಳಗದ ವಿಮಾನದ ಚಿತ್ರಗಳನ್ನು ಲೋಕಕ್ಕೆ ತೋರಿಸಿತು. ಅಂಥ ವಿಮಾನ ಸೇನೆಯಲ್ಲಿ ಇರಲಿಲ್ಲ! ಸೇನೆ ಒಲ್ಲೆನೆಂದಿದ್ದ ‘ಹೈಂಕೆಲ್ 100’ ಮಾದರಿಯ ಹತ್ತು ಹನ್ನೆರಡು ವಿಮಾನಗಳಿಗೆ ಮತ್ತೆ ಮತ್ತೆ ಬೇರೆ ಗುರುತು ಬಳಿದು, ಚಿತ್ರ ತೆಗೆದು, ದಳಗಳೇ ಇವೆಯೆಂದು ನಂಬಿಸಿದರು. ಫಲವೇನು? ಇಂಗ್ಲೆಂಡಿನ ಆಕಾಶದಲ್ಲಿ ಹೋರಾಡಿ ಬಂದ ಚಾಲಕರು, 113ನ್ನು ಕಂಡೆವು ಎಂದು ವರದಿ ಕೊಟ್ಟರು. ಅವರು ಸುಳ್ಳುಗಾರರಲ್ಲ. ಪ್ರಾಣಭಯದ ಕ್ಷಣದಲ್ಲಿ ಕಣ್ಣು, ಮೊದಲೇ ಮನಸ್ಸಿನಲ್ಲಿ ಕೂತ ಚಿತ್ರವನ್ನೇ ಕಂಡಿತು. ಹೀಗೆ ಇಲ್ಲದ ವಿಮಾನ ದಾಖಲೆಯೊಳಗೆ ಹಾರಿತು.

ಈಗ ನಮ್ಮ ನಾಡಿನ ಸಂಗತಿ ಕೇಳಿ. ಇದನ್ನು ಮೊದಲು ಕೇಳಿದವರು ಹರಟೆಯೆಂದೇ ತಿಳಿದಾರು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಅಮೆರಿಕದ ಲಿಬರೇಟರ್ ಬಾಂಬರುಗಳು ರಾಶಿ ಬಿದ್ದಿದ್ದವು. ಇನ್ನೆಂದೂ ಹಾರಬಾರದೆಂದು ಬೇಕೆಂದೇ ಕೆಡಿಸಿ ಬಿಟ್ಟವು. ಸ್ವತಂತ್ರ ಭಾರತಕ್ಕೆ ದೊಡ್ಡ ಬಾಂಬರುಗಳಿರಲಿಲ್ಲ, ಕೊಳ್ಳಲು ಹಣವೂ ಸಾಲದು. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಆರಂಭಿಸಿದ ಬೆಂಗಳೂರಿನ ವಿಮಾನ ಕಾರ್ಖಾನೆ ಆ ಕೆಲಸಕ್ಕೆ ಕೈಹಾಕಿತು. ಕಾರ್ಖಾನೆಯ ಪರೀಕ್ಷಾ ಚಾಲಕ ಜಮ್ಷೆಡ್ ಮುನ್ಷಿಯವರು, ಹಾರಲು ಸಾಕಾಗುವಷ್ಟೇ ರಿಪೇರಿಯಾದ ಆ ವಿಮಾನಗಳನ್ನು ಬೆಂಗಳೂರಿಗೆ ತಂದರು. ಹೀಗೆ ಸುಮಾರು 40 ವಿಮಾನಗಳಿಗೆ ಮರುಜೀವ ಬಂತು. 1948ರ ನವೆಂಬರಿನಲ್ಲಿ ಅವುಗಳಿಂದಲೇ 5ನೇ ಸ್ಕ್ವಾಡ್ರನ್ ಕಟ್ಟಲಾಯಿತು. 1968ರವರೆಗೆ ಲಿಬರೇಟರುಗಳು ನಮ್ಮ ವಾಯುಸೇನೆಯಲ್ಲಿ ದುಡಿದವು. ನಿವೃತ್ತವಾದ ಒಂದನ್ನು ಬ್ರಿಟನ್ನಿನ ವಾಯುಸೇನಾ ವಸ್ತುಸಂಗ್ರಹಾಲಯವೇ ತರಿಸಿಕೊಂಡು ಇಟ್ಟಿದೆ. ಇದಕ್ಕಿಂತ ಒಳ್ಳೆಯ ವಿನೋದವನ್ನು ಯಾವ ಹರಟೆಗಾರ ಹೆಣೆದಾನು?

ಆದುದರಿಂದ, ನಂಬಲರ್ಹವಾಗಿ ಕಂಡಿತೆಂದು ಒಂದು ಕಥೆಯನ್ನು ಇತಿಹಾಸವೆನ್ನಬೇಡಿ, ನಗು ಬಂತೆಂದು ಇನ್ನೊಂದನ್ನು ತಳ್ಳಿಹಾಕಲೂಬೇಡಿ. ಚಿತ್ರ ತೋರಿಸಿದವರಾರು, ಅದರಿಂದ ಲಾಭ ಯಾರಿಗೆ, ಎಣಿಸಿ ನೋಡಬಹುದಾದ ವಸ್ತು ಎಲ್ಲಿದೆ? ಇವಿಷ್ಟನ್ನು ಕೇಳಿರಿ. ನಗೆಯನ್ನು ನಗೆಯೆಂದೇ ಸವಿಯುವ ಊರಲ್ಲಿ ಸುಳ್ಳು ಹೆಚ್ಚು ದೂರ ಹಾರಲಾರದು. ಕೆಟ್ಟ ಯಂತ್ರಗಳನ್ನು ಹಾರಿಸಿದ ಕೆಲಸಗಾರರಿಗೆ ಸಲ್ಲಬೇಕಾದ ಮಾನವೂ ಆಗ ಹರಟೆಯೊಳಗೆ ಕಳೆದುಹೋಗುವುದಿಲ್ಲ.